ಕೆಚ್ಚಲಿಗೆ ಸವರುವ ಕಲ್ಲು

ನನ್ನ ಕೈ ಸುಮ್ಮನೆ ಕೂರುವಂಥದ್ದಲ್ಲ ಎಂದು ನನ್ನನ್ನು ಬಲ್ಲವರೆಲ್ಲ ಹೇಳುತ್ತಾರೆ. ಹೊರಗಿನವರು ಮೆಚ್ಚಿಕೊಂಡು ಹೇಳುತ್ತಾರೆ, ಹೆಂಡತಿ ಬೈದು ಹೇಳುತ್ತಾಳೆ. ಹೆಂಡತಿ ಹೇಳುವುದೇ ಸರಿ ಎನ್ನುವುದಕ್ಕೆ ನನ್ನ ಹತ್ತಿರ ಒಂದೇ ಒಂದು ಸಾಕ್ಷಿ ಇದೆ. ಅದನ್ನು ಈವರೆಗೆ ಯಾರಿಗೂ ಪೂರ್ತಿಯಾಗಿ ಹೇಳಿಲ್ಲ.

ಹುಣಸೂರಿನಲ್ಲಿ ನಮ್ಮದು ಮರಗೆಲಸದ ಮನೆ. ಅಜ್ಜ ಎತ್ತಿನ ಗಾಡಿಗೆ ಚಕ್ರ ಮಾಡುತ್ತಿದ್ದರು, ನಮ್ಮ ಅಬ್ಬಾ ಬಾಗಿಲು ಕಿಟಕಿ ಮಾಡುತ್ತಿದ್ದರು. ನಾನು ಬಾಗಿಲು ಕಿಟಕಿಯ ಜೊತೆಗೆ ಸುತ್ತಲಿನ ಹಳ್ಳಿಗಳಲ್ಲಿ ಹೊಗೆಸೊಪ್ಪು ಒಣಗಿಸಿ ಹದಮಾಡುವ ಬ್ಯಾರನ್ನುಗಳಿಗೂ ಮರದ ಕೆಲಸ ಮಾಡಿಕೊಡುತ್ತೇನೆ. ಕಲ್ಲಿನ ಹುಚ್ಚು ಹಿಡಿದದ್ದು ಐವತ್ತು ದಾಟಿದ ಮೇಲೆ. ಎಲ್ಲರೂ ಮನೆಯೊಳಗೆ ಕೂತಿದ್ದ ಲಾಕ್‌ಡೌನ್ ದಿನಗಳಲ್ಲಿ, ಯಾವುದೋ ದೇಶದ ಗಡ್ಡದವನೊಬ್ಬ ಕಲ್ಲಿಗೆ ಕಲ್ಲು ಹೊಡೆದು ಚಾಕುವಿನಂಥ ಅಲಗು ಎಬ್ಬಿಸುವುದನ್ನು ಫೋನಿನಲ್ಲಿ ನೋಡಿದೆ. ಕಬ್ಬಿಣ ಬರುವ ಮುಂಚೆ ಎಲ್ಲ ದೇಶದವರೂ ಹೀಗೇ ಮಾಡಿಕೊಳ್ಳುತ್ತಿದ್ದರಂತೆ. ಉಳಿ, ಬಾಚಿ ಹಿಡಿದೇ ಬೆಳೆದ ನನಗೆ ಇದು ಬಾರದೆ ಹೋದರೆ ಹೇಗೆ ಅನ್ನಿಸಿತು. ಆ 'ಹೇಗೆ' ಎನ್ನುವುದೇ ನನ್ನ ರೋಗ.

ಮೊದಲು ಬಾಟಲಿಯ ತಳ ಒಡೆದು ಕಲಿತೆ. ದಪ್ಪ ಗಾಜು ಒಳ್ಳೆಯ ಕಲ್ಲಿನಂತೆಯೇ ಚೆಕ್ಕೆ ಬಿಡುತ್ತದೆ. ಆಮೇಲೆ ಹೊಲದ ಬದುಗಳಲ್ಲಿ ಸಿಗುವ ಬೆಣಚುಕಲ್ಲು. ಅದು ಮಹಾ ಮೊಂಡು. ಒಂದು ಕಡೆ ಹೊಡೆದರೆ ಇನ್ನೊಂದು ಕಡೆ ಪುಡಿಯಾಗುತ್ತದೆ. ಸಾಲಿಗ್ರಾಮದ ಕಡೆ ಕೆಲಸಕ್ಕೆ ಹೋದಾಗ ಹೊಳೆದಂಡೆಯಿಂದ ಆರಿಸಿ ತಂದ ಗುಂಡುಕಲ್ಲುಗಳೇ ನನ್ನ ಸುತ್ತಿಗೆಗಳು. ತೊಡೆಯ ಮೇಲೆ ಹಳೆಯ ಚರ್ಮದ ತುಂಡು ಹಾಸಿಕೊಂಡು, ಅದರ ಮೇಲೆ ಕಲ್ಲು ಹಿಡಿದು, ಅಂಚಿಗೆ ಓರೆಯಾಗಿ ಒಂದು ಏಟು. ಸರಿಯಾಗಿ ಬಿದ್ದರೆ ಈರುಳ್ಳಿ ಸಿಪ್ಪೆಯಷ್ಟು ತೆಳುವಾದ ಚೆಕ್ಕೆ ಕಳಚಿ ಬರುತ್ತದೆ. ಅದರ ಅಂಚನ್ನು ಮರದ ಹಿಡಿಗೆ ಕೂರಿಸಿದ ತಾಮ್ರದ ಕಡ್ಡಿಯಿಂದ ಒತ್ತಿ ಒತ್ತಿ ತಿದ್ದಿದರೆ ಅಲಗು. ಒಂದು ಅಲಗಿನಿಂದ ಬದನೆಕಾಯಿ ಹೆಚ್ಚಿ ಹೆಂಡತಿಗೆ ತೋರಿಸಿದೆ. ಕಲ್ಲಿನ ಚೂರು ಮಕ್ಕಳ ಹೊಟ್ಟೆಗೆ ಹೋದರೆ ಯಾರು ಗತಿ ಎಂದು ಅವಳು ಬದನೆಕಾಯಿಯನ್ನು ತಿಪ್ಪೆಗೆ ಎಸೆದಳು.

ಈ ಕೆಲಸದಲ್ಲಿ ಹೊಡೆಯುವ ಮೊದಲು ಕಲ್ಲಿನ ಸದ್ದು ಕೇಳಬೇಕು. ಬೆರಳ ತುದಿಯಲ್ಲಿ ಸಡಿಲವಾಗಿ ಹಿಡಿದು ಸಣ್ಣ ಗುಂಡಿನಿಂದ ತಟ್ಟಿದರೆ ಒಳ್ಳೆಯ ಕಲ್ಲು ಟಣ್ ಎನ್ನುತ್ತದೆ. ಒಳಗೆ ಬಿರುಕಿದ್ದರೆ ಬದ್ ಎನ್ನುತ್ತದೆ. ಕೆಲವೇ ತಿಂಗಳಲ್ಲಿ ನನಗೆ ಕಂಡ ಕಂಡ ಕಲ್ಲನ್ನೆಲ್ಲ ತಟ್ಟುವ ಚಾಳಿ ಅಂಟಿತು. ಬಿಳಿಕೆರೆಯ ಬಸ್ ನಿಲ್ದಾಣದಲ್ಲಿ ಕೂತು ಜಲ್ಲಿಕಲ್ಲು ತಟ್ಟುತ್ತಿದ್ದ ನನ್ನನ್ನು ನೋಡಿ ಒಬ್ಬಾಕೆ ಮಗುವನ್ನು ಪಕ್ಕಕ್ಕೆ ಎಳೆದುಕೊಂಡದ್ದೂ ಉಂಟು.

ಹಾರನಹಳ್ಳಿಯ ಆಚೆಗಿನ ಒಂದು ಹಳ್ಳಿಗೆ ಬ್ಯಾರನ್ನಿನ ಬಾಗಿಲು ಕೂರಿಸಲು ಹೋಗಿದ್ದಾಗ ಆ ಕಲ್ಲು ಕಂಡದ್ದು. ಮನೆಯ ಯಜಮಾನಿ ಎಪ್ಪತ್ತರ ಆಸುಪಾಸಿನ ಅಮ್ಮ. ಮಗ ಸೊಸೆ ಹೊಲ ನೋಡಿಕೊಂಡರೆ, ಹಸುಗಳು ಮಾತ್ರ ಆಕೆಯ ಸುಪರ್ದಿ. ನೀರು ಕೇಳಿಕೊಂಡು ಕೊಟ್ಟಿಗೆಯ ಕಡೆ ಹೋದೆ. ಗೋಡೆಯ ಗೂಡಿನಲ್ಲಿ ಅರಿಶಿನ ಕುಂಕುಮ ಹಚ್ಚಿಸಿಕೊಂಡು ಕೂತಿತ್ತು, ಅಂಗೈಯುದ್ದದ ಕರಿಯ ಕಲ್ಲು. ಒಂದು ತುದಿ ಮೊಂಡು, ಇನ್ನೊಂದು ತುದಿ ಕೊಡಲಿಯ ಬಾಯಿಯಂತೆ ಹರಿತ. ಮೈಯೆಲ್ಲ ನುಣುಪು. ಎಷ್ಟೋ ಸಾವಿರ ವರ್ಷದ ಹಿಂದೆ ಯಾರೋ ಕೂತು ಅರೆದು ಮಾಡಿದ ಕಲ್ಲಿನ ಕೊಡಲಿ ಅದು ಎಂದು ನೋಡಿದ ತಕ್ಷಣ ಗೊತ್ತಾಯಿತು. ನನ್ನ ಬಾಯಲ್ಲಿ ನೀರೂರಿತು.

"ಅದೇನಮ್ಮಾ?" ಎಂದೆ.

"ಸಿಡ್ಲು ಕಲ್ಲು ಕಣಪ್ಪ. ಸಿಡ್ಲು ಒಡ್ದಾಗ ಭೂಮಿಗಿಳ್ದದ್ದು. ನಮ್ ಮಾವನ ತಾತ ಉಳ್ವಾಗ ಸಿಕ್ತಂತೆ. ಹಸಿನ ಕೆಚ್ಚಲು ಊದ್ಕೊಂಡ್ರೆ ಬೆಣ್ಣೆ ಅಚ್ಚಿ ಇದ್ರಾಗೆ ಸವರ್ತೀವಿ, ಇಳೀತದೆ."

"ಡಾಕ್ಟ್ರನ್ನ ಕರೆಯಲ್ವಾ?"

"ಕರೀದೆ ಇರ್ತೀವಾ? ಅವ್ರು ಸೂಜಿ ಚುಚ್ತಾರೆ, ನಾವು ಕಲ್ಲು ಸವರ್ತೀವಿ. ಇಬ್ರ ಕೆಲ್ಸಾನೂ ನಡೀಲಿ ಬುಡು," ಎಂದು ನಕ್ಕರು.

ಆ ಊರಿನಲ್ಲಿ ಯಾರ ಹಸುವಿಗೆ ಕೆಚ್ಚಲು ಬಾವು ಬಂದರೂ ಈ ಕಲ್ಲಿಗೇ ಬರುತ್ತಿದ್ದರು. ಒಯ್ದವರು ಅದೇ ದಿನ ತೊಳೆದು ತಂದಿಡಬೇಕು, ಅಷ್ಟೇ ಕಟ್ಟಳೆ. ನಾನು ಒಂದು ವಾರ ಕೊಡಿ, ಅಳತೆ ತೆಗೆದುಕೊಂಡು ಇದರಂತೆಯೇ ಒಂದು ಮಾಡಿ ನೋಡುತ್ತೇನೆ ಎಂದೆ. ಮಗ ಒಪ್ಪಲಿಲ್ಲ.

"ಬ್ಯಾಡ ಕಣವ್ವ. ಊರು ದಾಟ್ಸಬಾರ್ದು ಅದ್ನ."

"ಸುಮ್ಕಿರ್ಲಾ. ಇವ್ರು ಕೈಕೆಲ್ಸದೋರು. ನಿನಗಿಂತ ಜ್ವಾಪಾನ ಇವ್ರಿಗೆ ಗೊತ್ತು," ಎಂದು ಆಕೆ ಕಲ್ಲನ್ನು ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿ ನನ್ನ ಕೈಗಿಟ್ಟರು.

ಮಾರನೆಯ ದಿನ ಶುಕ್ರವಾರ. ನಮಾಜು ಮುಗಿಸಿ ಬಂದು ಊಟ ಮಾಡಿ ಹಿತ್ತಲಲ್ಲಿ ಕೂತೆ. ಕಲ್ಲಿನ ಉದ್ದ ಅಗಲ ಬರೆದುಕೊಂಡೆ. ಕಾಗದದ ಮೇಲಿಟ್ಟು ಸುತ್ತ ಪೆನ್ಸಿಲ್ ಎಳೆದೆ. ಅಲ್ಲಿಗೆ ಕೆಲಸ ಮುಗಿದಿತ್ತು. ಆದರೆ ಕೈ ತಟ್ಟಿತು. ಬದ್ ಎಂದಿತು. ಒಳಗೆ ಹಳೆಯ ಬಿರುಕಿದೆ ಎಂದು ಅದು ನನಗೆ ಸ್ಪಷ್ಟವಾಗಿಯೇ ಹೇಳಿತು. ಇದನ್ನು ಒತ್ತಿ ಬರೆಯುತ್ತಿದ್ದೇನೆ, ಏಕೆಂದರೆ ಗೊತ್ತಿಲ್ಲದೆ ಆಯಿತು ಎಂದು ಹೇಳಿಕೊಳ್ಳುವ ದಾರಿ ನನಗಿಲ್ಲ. ಮೊಂಡು ತುದಿಯಲ್ಲಿ ಮೊದಲೇ ಒಂದಿಷ್ಟು ಮುಕ್ಕಾಗಿತ್ತು. ಅಲ್ಲಿಂದಲೇ ಉಗುರಿನಷ್ಟು ಚೆಕ್ಕೆ ತೆಗೆದರೆ ಯಾರಿಗೆ ತಿಳಿಯುತ್ತದೆ, ಒಳಗಿನ ಬಣ್ಣ ಹೇಗಿದೆ, ಎಳೆ ಹೇಗಿದೆ ನೋಡೋಣ ಅನ್ನಿಸಿತು. ಹೊಡೆದೆ. ಕಲ್ಲು ಉದ್ದಕ್ಕೆ ಎರಡು ಹೋಳಾಗಿ ಚರ್ಮದ ಮೇಲೆ ಬಿತ್ತು.

ಆಗ ನನಗೆ ಮೊದಲು ಆದದ್ದು ಹೆದರಿಕೆಯಲ್ಲ, ಖುಷಿ. ಒಡೆದ ಮೈ ಕಪ್ಪು ಹಸಿರಾಗಿ ಹೊಳೆಯುತ್ತಿತ್ತು. ಬೆಣಚುಕಲ್ಲಿನ ಜೊತೆ ಗುದ್ದಾಡಿ ಸಾಕಾಗಿದ್ದವನ ಕೈಗೆ ಹೇಳಿದಂತೆ ಕೇಳುವ ಕಲ್ಲು ಸಿಕ್ಕಿತ್ತು. ಒಂದು ಹೋಳಿನ ಅಂಚಿಗೆ ಇನ್ನೊಂದು ಏಟು ಹಾಕಿದೆ, ಬೆರಳುದ್ದದ ಚೆಕ್ಕೆ ಬಂತು. ಇನ್ನೊಂದು, ಮತ್ತೊಂದು. ಇಳಿಹೊತ್ತಿನ ಅಸರ್ ನಮಾಜಿನ ಅಜಾನ್ ಕೇಳಿಸುವ ಹೊತ್ತಿಗೆ ನನ್ನ ಮುಂದೆ ಏಳು ಕರಿಯ ಅಲಗುಗಳಿದ್ದವು. ಅಷ್ಟು ಚೆಂದದವನ್ನು ನಾನು ಹಿಂದೆಂದೂ ಮಾಡಿರಲಿಲ್ಲ. ಅಜಾನ್ ಮುಗಿದ ಮೇಲೆ ಸೀರೆಯ ತುಂಡು ಕಣ್ಣಿಗೆ ಬಿತ್ತು. ಅಲ್ಲಿಯವರೆಗೂ ಆ ಅಮ್ಮನ ನೆನಪು ನನಗೆ ಬಂದಿರಲಿಲ್ಲ. ಒಡೆದದ್ದಕ್ಕಿಂತ ಆ ಎರಡು ಗಂಟೆಯ ಮರೆವಿಗೆ ನನಗೆ ಹೆಚ್ಚು ನಾಚಿಕೆ.

ಆ ಸಂಜೆಯೇ ಹೋಗಿ ಕಾಲು ಹಿಡಿದಿದ್ದರೆ ಮುಗಿಯುತ್ತಿತ್ತು. ಹೋಗಲಿಲ್ಲ. ಅದರ ಬದಲು ಇನ್ನೊಂದು ಕಲ್ಲು ಮಾಡಲು ಕೂತೆ. ಕೆ.ಆರ್. ನಗರದ ಕಡೆ ನಾಲೆ ಅಗೆದ ಮಣ್ಣಿನ ರಾಶಿಯಲ್ಲಿ ಅದೇ ಜಾತಿಯ ಕರಿಕಲ್ಲು ಹುಡುಕಿ ತಂದೆ. ಹೊಡೆದು ಆಕಾರಕ್ಕೆ ತಂದು, ಬೆಣಚಿನ ಗುಂಡಿನಿಂದ ಕುಟ್ಟಿ ಕುಟ್ಟಿ ಉಬ್ಬುತಗ್ಗು ಸಮ ಮಾಡಿದೆ. ಆಮೇಲೆ ಹಿತ್ತಲಿನ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಮರಳು ನೀರು ಹಾಕಿ ದಿನಕ್ಕೆ ಮೂರು ನಾಲ್ಕು ಗಂಟೆ ಅರೆದೆ. ಹೆಬ್ಬೆರಳ ಚರ್ಮ ಸುಲಿದು ಹೋಯಿತು. ಪೆನ್ಸಿಲ್ ಗೆರೆಯ ಮೇಲಿಟ್ಟರೆ ಕೂದಲೆಳೆಯಷ್ಟೂ ಆಚೀಚೆ ಇಲ್ಲ. ಕೊನೆಗೆ ಹರಳೆಣ್ಣೆ ಕುಡಿಸಿ, ಒಲೆಯ ಹೊಗೆಗೆ ಹಿಡಿದು, ಸಣ್ಣ ಗುಳಿಗಳಿಗೆ ಅರಿಶಿನ ತುಂಬಿದೆ. ಇದನ್ನು ಬರೆಯುವಾಗಲೂ ಎಷ್ಟು ಚೆನ್ನಾಗಿ ಮಾಡಿದ್ದೆ ಎಂದು ಹೇಳಿಕೊಳ್ಳುವ ಆಸೆ ಎಲ್ಲೋ ಇಣುಕುತ್ತಿದೆ, ನನಗೇ ಗೊತ್ತಾಗುತ್ತಿದೆ.

ಒಂದು ವಾರ ಎಂದದ್ದು ಒಂದು ತಿಂಗಳಾಯಿತು. ನಡುವೆ ಆಕೆ ಎರಡು ಸಲ ಫೋನು ಮಾಡಿಸಿದರು. ಒಮ್ಮೆ ಜ್ವರ ಎಂದೆ. ಇನ್ನೊಮ್ಮೆ ಎಚ್.ಡಿ. ಕೋಟೆಯಲ್ಲಿ ದೊಡ್ಡ ಕೆಲಸ ಹಿಡಿದಿದ್ದೇನೆ ಎಂದೆ. "ಮೈ ನೋಡ್ಕೊ ಮಗ, ಕಲ್ಲೆಲ್ಲೋಯ್ತದೆ" ಎಂದರು. ಅಲ್ಲಿಯವರೆಗೆ 'ಸಾಬ್ರೇ' ಎನ್ನುತ್ತಿದ್ದವರು ಜ್ವರದ ಸುಳ್ಳು ಕೇಳಿ ಮೊದಲ ಸಲ ನನ್ನನ್ನು ಮಗ ಎಂದು ಕರೆದದ್ದು.

ಹಿಂದಿರುಗಿಸಿದ ದಿನ ಆಕೆ ಕಲ್ಲನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿದರು.

"ತೊಳ್ದಿದ್ದೀಯೇನೋ. ಮಿರಮಿರ ಅಂತದೆ."

"ಹೂನಮ್ಮಾ, ಸ್ವಲ್ಪ ಎಣ್ಣೆ ಹಚ್ಚಿದೆ."

ಕುಂಕುಮವಿಟ್ಟು ಗೂಡಿನಲ್ಲಿ ಇಟ್ಟರು. ನನಗೆ ಅಕ್ಕಿರೊಟ್ಟಿ, ಅವರೆಕಾಳಿನ ಸಾರು ಬಡಿಸಿದರು. ಮೊದಲ ರೊಟ್ಟಿಯನ್ನು ತಲೆ ಎತ್ತದೆ ತಿಂದೆ. ಎರಡನೆಯದನ್ನು ತಿನ್ನುವಾಗ, ದಿನಾ ಮುಟ್ಟುವವರಿಗೇ ಗೊತ್ತಾಗಲಿಲ್ಲವಲ್ಲ, ಭಲೇ ಎಂದುಕೊಂಡೆ.

ಎರಡು ವರ್ಷ ಹಾಗೇ ಕಳೆಯಿತು. ಆ ಕಡೆ ಹೋದಾಗಲೆಲ್ಲ ಆ ಮನೆಗೆ ಹೋಗಿಬರುತ್ತಿದ್ದೆ. ಹೋಗದಿದ್ದರೆ ಅನುಮಾನ ಬಂದೀತೆಂದು ಹೋಗುತ್ತಿದ್ದೆ, ಆಮೇಲಾಮೇಲೆ ನಿಜವಾಗಿಯೂ ಆಕೆಯನ್ನು ನೋಡಬೇಕೆನ್ನಿಸಿ ಹೋಗುತ್ತಿದ್ದೆ. ಊರಿನ ಹಸುಗಳಿಗೆ ನಾನು ಮಾಡಿದ ಕಲ್ಲನ್ನು ಸವರುತ್ತಿದ್ದರು, ಡಾಕ್ಟರೂ ಸೂಜಿ ಹಾಕುತ್ತಿದ್ದರು, ಬಾವು ಇಳಿಯುತ್ತಿತ್ತು. ಒಮ್ಮೆ ಕರು ಹಾಕಿದ ಹಸುವಿನ ಗಿಣ್ಣನ್ನು ಡಬ್ಬಿಗೆ ಹಾಕಿ ಕೊಟ್ಟರು. ಮನೆಗೆ ತಂದೆ, ಹೆಂಡತಿ ಮಕ್ಕಳು ತಿಂದರು, ನನಗೆ ಹಲ್ಲು ನೋವು ಎಂದೆ. ಏಳು ಅಲಗುಗಳನ್ನು ಗಾಜಿನ ಮುಚ್ಚಳದ ತೇಗದ ಪೆಟ್ಟಿಗೆಯಲ್ಲಿ ಜೋಡಿಸಿ ಅಂಗಡಿಯಲ್ಲಿ ಇಟ್ಟಿದ್ದೆ. ಅವನ್ನು ನೋಡದೆ ಯಾವ ಗಿರಾಕಿಯೂ ಹೊರಗೆ ಹೋಗಲು ನಾನು ಬಿಡುತ್ತಿರಲಿಲ್ಲ.

ಆ ಪೆಟ್ಟಿಗೆಯ ಫೋಟೋ ಯಾರದೋ ಫೋನಿನಿಂದ ಯಾರದೋ ಫೋನಿಗೆ ಹೋಗಿ, ಮೈಸೂರಿನ ಕಾಲೇಜಿನಲ್ಲಿ ಇತಿಹಾಸ ಹೇಳುವ ಮೇಷ್ಟರೊಬ್ಬರು ಅಂಗಡಿಗೆ ಬಂದರು. ನನ್ನ ಅಲಗುಗಳನ್ನು ನೋಡಿ ಸಂತೋಷಪಟ್ಟರು. ಈ ಕಡೆ ಹೊಲಗಳಲ್ಲಿ ಹಳೆಯ ಕಲ್ಲಿನ ಕೊಡಲಿ ಸಿಕ್ಕಿದ್ದುಂಟಾ ಎಂದು ಕೇಳಿದರು. ಇಲ್ಲ ಎಂದರೆ ಸಾಕಾಗಿತ್ತು. "ಒಂದಿದೆ ಸಾರ್, ಬನ್ನಿ ತೋರಿಸ್ತೀನಿ" ಎಂದೆ. ಓದಿಕೊಂಡವರು ನನ್ನ ಕೆಲಸವನ್ನು ಕಂಡುಹಿಡಿಯುತ್ತಾರೋ ಇಲ್ಲವೋ ನೋಡಬೇಕಿತ್ತು. ಆ ಚಪಲಕ್ಕೆ ಬೈಕಿನಲ್ಲಿ ಅವರನ್ನು ಹಿಂದೆ ಕೂರಿಸಿಕೊಂಡು ಹಾರನಹಳ್ಳಿ ದಾಟಿದೆ.

ಅಮ್ಮ ನಮ್ಮನ್ನು ಜಗಲಿಯ ಮೇಲೆ ಕೂರಿಸಿ, ಕಲ್ಲನ್ನು ತಂದು ಮೇಷ್ಟರ ಕೈಗೆ ಕೊಟ್ಟು, ಕಾಫಿಗೆ ಒಳಗೆ ಹೋದರು. ಮೇಷ್ಟರು ಬಿಸಿಲಿಗೆ ಹಿಡಿದು ನೋಡಿದರು. ಕನ್ನಡಕ ತೆಗೆದು ನೋಡಿದರು. ಅಂಚಿನ ಮೇಲೆ ಬೆರಳಾಡಿಸಿದರು. ಆಕೆ ಲೋಟಗಳನ್ನು ಹಿಡಿದು ಹೊಸಿಲು ದಾಟುತ್ತಿದ್ದಾಗ ಅವರು ಹೇಳಿದರು:

"ಎಂಥ ಕೈ ನೋಡ್ರೀ ಇದು! ಎರಡೂ ಮಗ್ಗುಲು ಎಷ್ಟು ಸಮ ಅರೆದಿದ್ದಾರೆ. ಈಗಿನವರಿಂದ ಆಗೋ ಕೆಲಸ ಅಲ್ಲ ಬಿಡಿ."

"ಯಾಕಾಗಲ್ಲ ಸಾರ್? ಅದು ನಾನು ಮಾಡಿದ್ದು."

ನನ್ನ ಬಾಯಿಂದ ಅದು ಹೇಗೆ ಬಂತೋ ಎಂದು ಬರೆಯಬಹುದು. ಆದರೆ ನನಗೆ ಗೊತ್ತು. ಎರಡು ವರ್ಷ ಪಾಪಪ್ರಜ್ಞೆ ನನ್ನಿಂದ ಒಂದು ಮಾತು ಹೊರಡಿಸಿರಲಿಲ್ಲ. 'ಈಗಿನವರಿಂದ ಆಗಲ್ಲ' ಎಂಬ ಒಂದು ಮಾತು ಹೊರಡಿಸಿತು.

ಮೇಷ್ಟರು ಜೋರಾಗಿ ನಕ್ಕು ನನ್ನ ಕೈ ಕುಲುಕಿದರು. ನಿಜವಾಗಿಯೂ? ಎಷ್ಟು ದಿನ ಹಿಡಿಯಿತು? ಯಾವುದರ ಮೇಲೆ ಅರೆದಿರಿ? ನಾನು ಹೇಳತೊಡಗಿದೆ. ನಾಲೆಯ ಮಣ್ಣು, ಮರಳು, ಬಟ್ಟೆ ಒಗೆಯುವ ಕಲ್ಲು. ಹರಳೆಣ್ಣೆಯವರೆಗೂ ಬಂದಿದ್ದೆ. ಆಗ ತಲೆ ಎತ್ತಿದರೆ ಆಕೆ ಲೋಟಗಳನ್ನು ಹಿಡಿದುಕೊಂಡು ಅಲ್ಲೇ ನಿಂತಿದ್ದರು.

"ಅಂಗಾರೆ ನಮ್ದು?" ಎಂದರು.

ನಾನು ಎದ್ದು ನಿಂತೆ. "ಒಡೆದುಹೋಯ್ತಮ್ಮಾ."

"ಬಿದ್ದೋಯ್ತಾ?"

"ಇಲ್ಲ. ನಾನೇ ಹೊಡೆದೆ."

"ಯಾಕಪ್ಪ?"

"ಒಳಗೆ ಹೆಂಗಿದೆ ನೋಡೋಣ ಅಂತ," ಎಂದೆ.

ಆಕೆ ಲೋಟಗಳನ್ನು ಜಗಲಿಯ ಮೇಲೆ ಇಟ್ಟರು. ಒಂದಿಷ್ಟೂ ಚೆಲ್ಲಲಿಲ್ಲ. ಕೂತು, ನನ್ನ ಕಡೆ ನೋಡದೆ, ಮೇಷ್ಟರಿಗೆ ಹೇಳುವವರಂತೆ ಹೇಳಿದರು: "ನಮ್ಮತ್ತೆ ಸಾಯಾಗ ನನ್ ಕೈ ಇಡ್ಕೊಂಡು, ಅದೊಂದ ಬೀಳಿಸ್ಬ್ಯಾಡ ಕಣೇ ಅಂದಿದ್ರು. ಬೇರೆ ಏನೂ ಏಳ್ಲಿಲ್ಲ."

ಮೇಷ್ಟರ ಮುಖದ ನಗು ಆರಿಹೋಗಿತ್ತು. ಅವರು ಕೈಯಲ್ಲಿದ್ದ ಕಲ್ಲನ್ನು ಆಕೆಯ ಪಕ್ಕಕ್ಕೆ ಇಟ್ಟರು. ಚೂರುಗಳಿವೆ, ಅವನ್ನಾದರೂ ತಂದುಕೊಡುತ್ತೇನೆ ಎಂದೆ.

"ಚೂರ ತಕೊಂಡು ಏನ್ ಮಾಡ್ಲಪ್ಪ," ಎಂದರು. ಆಮೇಲೆ ಆ ಕಲ್ಲನ್ನು ಸೆರಗಿನಿಂದ ಒರೆಸಿ, ಅದರ ಮೇಲಿನ ಕುಂಕುಮ ಪೂರ್ತಿ ಹೋಗುವ ಹಾಗೆ ಒರೆಸಿ, ನನಗೆ ಕೊಟ್ಟರು. "ನಿನ್ನದ ನೀನು ಮಡೀಕೊ. ಮೊದ್ಲು ಬ್ಯಾಗಿಗಾಕು."

ಯಾಕೆ 'ಮೊದ್ಲು' ಎಂದರು ಎಂದು ಆಗ ತಿಳಿಯಲಿಲ್ಲ. ಬ್ಯಾಗಿನ ಜಿಪ್ಪು ಎಳೆದು ಹೆಗಲಿಗೆ ಹಾಕುವಷ್ಟರಲ್ಲಿ ಮಗ ಹೊಲದಿಂದ ಬಂದ. ಕೈಕಾಲು ತೊಳೆಯಲು ಕೊಟ್ಟಿಗೆಯ ಪಕ್ಕದ ತೊಟ್ಟಿಗೆ ಹೋದವನು ಅಲ್ಲಿಂದಲೇ ಕೂಗಿದ.

"ಅವ್ವೋ, ಗೂಡ್ನಾಗೆ ಕಲ್ಲಿಲ್ವಲ್ಲ?"

ನಾನು ಬಾಯಿ ತೆರೆದೆ. ಆಕೆ ಕೈಯೆತ್ತಿ ತಡೆದರು.

"ಇಲ್ಲ ಕಣ್ಲಾ. ಬೆಳಗ್ಗೆ ತೊಳೆಯಾಕೆ ಬಾವಿತಾವ್ಕೆ ತಕೊಂಡೋಗಿದ್ದೆ. ಕೈ ಜಾರ್ತು. ಒಳೀಕ್ ಬಿತ್ತು."

ಅವನು ಒದ್ದೆ ಕೈಯಲ್ಲೇ ಬಂದು ಜಗಲಿಯ ಮುಂದೆ ನಿಂತ. "ಬಾವಿಗಾ? ಊರ್ನೋರ್ಗೆ ಏನಂತ ಏಳನ ಈಗ? ಇಷ್ಟ್ ವರ್ಸ ಇಟ್ಕೊಂಡು, ಈಗ್ ಕೈ ಜಾರ್ತಂತೆ! ಗ್ಯಾನ ಎಲ್ಲಿ ಮಡಗಿದ್ದೆ? ನಿನ್ ಕೈಗೆ ಇನ್ನೇನೂ ಕೊಡ್ಬಾರ್ದು ಕಣವ್ವ, ಏನೂ ಕೊಡ್ಬಾರ್ದು."

ಹೊರಗಿನವರಿಬ್ಬರ ಎದುರಿಗೆ ಮಗನಿಂದ ಅಷ್ಟು ಅನ್ನಿಸಿಕೊಂಡು ಆಕೆ ತಲೆ ತಗ್ಗಿಸಿ ಕೂತಿದ್ದರು. ತಪ್ಪು ಮಾಡಿದವರು ಹೇಗೆ ಕೂರುತ್ತಾರೋ ಹಾಗೇ. ನಾನು ನಿಂತೇ ಇದ್ದೆ. ಸಾಬರ ಕೈಯಲ್ಲಿ ಕಲ್ಲು ಒಡೆಯಿತೆಂದರೆ ಊರಿನಲ್ಲಿ ಮಾತು ಎಲ್ಲಿಗೆ ಹೋಗುತ್ತದೋ ಎಂದು ಆಕೆ ನನ್ನನ್ನು ಕಾಪಾಡಿದರು ಎಂದು ಆಮೇಲೆ ಅಂದುಕೊಂಡೆ. ನಾನು ಸುಮ್ಮನಿದ್ದದ್ದೂ ಅದೇ ಭಯಕ್ಕೆ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡು ನೋಡಿದೆ. ಅದು ಸುಳ್ಳು. ಆ ಊರಿನವರು ನನಗೆ ನೀರು ಮಜ್ಜಿಗೆ ಕೊಟ್ಟವರು, ಒಂದು ಬಿರುಸಾದ ಮಾತನ್ನೂ ಆಡಿದವರಲ್ಲ. ಹೊಗಳಿಕೆ ನನ್ನದು ಎಂದು ಹೇಳಲು ಅರೆಗಳಿಗೆ ತಡೆಯದ ಬಾಯಿಗೆ ಬೈಗುಳ ನನ್ನದು ಎಂದು ಹೇಳಲು ಆಗಲಿಲ್ಲ, ಅಷ್ಟೆ.

ಮಗ ಕೊನೆಗೆ ಸುಸ್ತಾಗಿ ಜಗಲಿಯ ತುದಿಯಲ್ಲಿ ಕೂತು ನನ್ನ ಕಡೆ ತಿರುಗಿದ.

"ನೋಡಿ ಸಾಬ್ರೇ. ನಿಮ್ಗೆ ಕೊಡಬ್ಯಾಡ ಅಂತ ಅವತ್ತು ನಾನೇ ಅಂದಿದ್ದೆ, ತಪ್ಪಾಯ್ತು. ನಿಮ್ತಾವ ಒಂದು ತಿಂಗ್ಳಿತ್ತು, ಒಂದು ಮುಕ್ಕಾಗ್ದಂಗೆ ತಂದ್ಕೊಟ್ರಿ. ನಮ್ಮವ್ವನ ಕೈಲಿ ಉಳೀಲಿಲ್ಲ."

ಆಕೆ ಆಗಲೂ ನನ್ನ ಕಡೆ ನೋಡಲಿಲ್ಲ. ಮೇಷ್ಟರು ನೋಡಿದರು.

ನಾನು ತಲೆಯಾಡಿಸಿದೆ. ಬ್ಯಾಗನ್ನು ಹೆಗಲಿಂದ ಇಳಿಸದೆ, ಆಕೆ ಇಟ್ಟಿದ್ದ ಕಾಫಿಯನ್ನು ಎತ್ತಿಕೊಂಡು ಕುಡಿದೆ.